ಹೆಸರು ಮತ್ತು ನೆಂಟಸ್ತನ: ಬುಲ್‌ಹೆಡ್ ಶಾರ್ಕುಗಳ ವರ್ಗೀಕರಣದ ಕಥೆ



ಜೀವಿಗಳಿಗೆ ಹೆಸರಿಡುವುದು ಒಂದು ಕೆಲಸ. ಅವುಗಳ ನೆಂಟಸ್ತನವನ್ನು ಗೊತ್ತುಮಾಡುವುದು ಇನ್ನೊಂದು ಕೆಲಸ. ಎರಡನ್ನೂ ಒಬ್ಬರೇ, ಒಂದೇ ಲೇಖನದಲ್ಲಿ, ಎಷ್ಟೋ ಸಲ ಒಂದೇ ವಾಕ್ಯದಲ್ಲಿ ಮಾಡಿ ಮುಗಿಸುವುದರಿಂದ ಇವು ಬೇರೆಬೇರೆ ಎಂಬುದು ನಮಗೆ ಮರೆತುಹೋಗುತ್ತದೆ. ಹೆಸರಿಡುವುದಕ್ಕೆ ಬರೆದಿಟ್ಟ ನಿಯಮಗಳಿವೆ. ಯಾವ ಹೆಸರು ನಿಲ್ಲಬೇಕು, ಯಾವುದು ಬೀಳಬೇಕು ಎಂಬುದನ್ನು ಬಹುಮಟ್ಟಿಗೆ ತಾರೀಖು ನೋಡಿಯೇ ತೀರ್ಮಾನಿಸಬಹುದು. ನೆಂಟಸ್ತನಕ್ಕೆ ಅಂಥ ನಿಯಮವಿಲ್ಲ. ಅಲ್ಲಿ ಇರುವುದು ಪುರಾವೆ, ಮತ್ತು ಪುರಾವೆಯನ್ನು ತೂಗುವವರ ವಿವೇಕ. ನಿನ್ನೆ ಸರಿಯೆನಿಸಿದ್ದು ನಾಳೆ ಹೊಸ ಪಳೆಯುಳಿಕೆಯಿಂದಲೋ ಒಂದು ವಂಶವಾಹಿಯಿಂದಲೋ ತಲೆಕೆಳಗಾಗಬಹುದು.

ಈ ಎರಡೂ ಕೆಲಸಗಳು ಎಲ್ಲೆಲ್ಲಿ ಒಂದನ್ನೊಂದು ತೊಡರಿಕೊಂಡಿವೆ ಎಂಬುದನ್ನು ತೋರಿಸಲು ನಾನು ಆಯ್ದುಕೊಂಡಿರುವುದು ಬಹಳ ಚಿಕ್ಕ ಗುಂಪೊಂದನ್ನು. ಗೂಳಿಯಂಥ ದಪ್ಪ ತಲೆಯಿಂದಾಗಿ ಇಂಗ್ಲಿಷಿನಲ್ಲಿ ಬುಲ್‌ಹೆಡ್ ಶಾರ್ಕ್ ಎಂಬ ಹೆಸರು ಪಡೆದ, ಹಾರ್ನ್ ಶಾರ್ಕ್ ಎಂದೂ ಕರೆಯುವ ಮೀನುಗಳಿವು. ಗಣ ಒಂದು, ಕುಟುಂಬ ಒಂದು, ಕುಲ ಒಂದು: ಹೆಟೆರೊಡಾಂಟಸ್. ಇಂದು ಒಪ್ಪಿಕೊಂಡಿರುವ ಪ್ರಭೇದಗಳು ಹತ್ತು. ಐನೂರಕ್ಕೂ ಹೆಚ್ಚು ಬಗೆಯ ಶಾರ್ಕುಗಳಿರುವ ಜಗತ್ತಿನಲ್ಲಿ ಹತ್ತು ಏನೂ ಅಲ್ಲ. ಆದರೂ ಈ ಹತ್ತಕ್ಕೆ ಅಂಟಿಕೊಂಡ ಹೆಸರುಗಳ ಸಿಕ್ಕು, ನೆಂಟಸ್ತನದ ತಕರಾರು ನೂರಾರು ಪ್ರಭೇದಗಳಿರುವ ಗುಂಪುಗಳಿಗೂ ಸುಲಭವಾಗಿ ಸಿಗುವಂಥದ್ದಲ್ಲ.

ಮೊದಲು ಪ್ರಾಣಿಯ ಪರಿಚಯ. ಶಾರ್ಕ್ ಎಂದೊಡನೆ ನೆನಪಿಗೆ ಬರುವ ಚೂಪು ಮೂತಿಯ ಬೇಟೆಗಾರನಲ್ಲ ಇದು. ಸಾಮಾನ್ಯವಾಗಿ ಒಂದೂವರೆ ಮೀಟರಿನೊಳಗಿನ ಉದ್ದ, ಮೊಂಡು ಮೂತಿ, ಕಣ್ಣಿನ ಮೇಲೆ ಹುಬ್ಬಿನಂತೆ ಎದ್ದುನಿಂತ ಏಣು. ತಳದ ಬಂಡೆಗಳ ನಡುವೆ, ಬಹುಪಾಲು ರಾತ್ರಿಯ ಹೊತ್ತು, ನಿಧಾನವಾಗಿ ತಿರುಗಾಡುತ್ತ ಏಡಿ, ಶಂಖದ ಹುಳು, ಮುಳ್ಳುಮೈಯ ಸೀ-ಅರ್ಚಿನ್‌ಗಳನ್ನು ತಿನ್ನುತ್ತದೆ. ದವಡೆಯ ಮುಂಭಾಗದ ಹಲ್ಲು ಸಣ್ಣವು, ಮೊನಚಾದವು, ಹಿಡಿಯುವುದಕ್ಕೆ. ಹಿಂಭಾಗದವು ಅಗಲವಾದವು, ಚಪ್ಪಟೆಯಾದವು, ಅರೆಯುವುದಕ್ಕೆ. ಕುಲದ ಹೆಸರು ಈ ಹಲ್ಲುಗಳ ವ್ಯತ್ಯಾಸದಿಂದಲೇ ಬಂದದ್ದು. ಬೆನ್ನಿನ ಮೇಲೆ ಎರಡು ಈಜುರೆಕ್ಕೆಗಳು, ಎರಡರ ಮುಂದೆಯೂ ಗಟ್ಟಿಯಾದ ಒಂದೊಂದು ಮುಳ್ಳು; ಹೊಟ್ಟೆಯ ಕಡೆ ಬಾಲಕ್ಕೆ ಮೊದಲು ಗುದದ ಈಜುರೆಕ್ಕೆ. ಈ ಎರಡು ಲಕ್ಷಣಗಳೂ ಒಟ್ಟಿಗಿರುವ ಶಾರ್ಕು ಇಂದು ಬದುಕಿರುವವುಗಳಲ್ಲಿ ಬೇರೆ ಇಲ್ಲ. ಬೆನ್ನಿನಲ್ಲಿ ಮುಳ್ಳಿರುವ ಮಿಕ್ಕ ಶಾರ್ಕುಗಳಿಗೆ ಗುದದ ಈಜುರೆಕ್ಕೆಯಿಲ್ಲ. ಹಾಗಾಗಿ ಬಲೆಯಲ್ಲಿ ಬಂದ ಮೀನು ಈ ಗುಂಪಿನದೇ ಎಂದು ಹೇಳಲು ಪಂಡಿತರು ಬೇಕಿಲ್ಲ. ಹತ್ತರಲ್ಲಿ ಯಾವುದು ಎಂಬಲ್ಲಿಂದ ಕಷ್ಟ ಶುರುವಾಗುತ್ತದೆ.

ಇವುಗಳ ಮೊಟ್ಟೆಯನ್ನೂ ಇಲ್ಲಿಯೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಗಟ್ಟಿ ಚರ್ಮದಂಥ ಕವಚ, ಅದರ ಸುತ್ತ ತಿರುಪಿನ ಹಾಗೆ ಸುತ್ತಿಕೊಂಡ ಎರಡು ಅಂಚುಗಳು. ಆಸ್ಟ್ರೇಲಿಯದ ಪೋರ್ಟ್ ಜಾಕ್ಸನ್ ಶಾರ್ಕಿನ ಹೆಣ್ಣು ಈ ಕವಚವನ್ನು ಬಾಯಲ್ಲಿ ಕಚ್ಚಿ ಬಂಡೆಯ ಸಂದಿಗೆ ತುರುಕುತ್ತದೆ. ತಿರುಪಿನ ಆಕಾರದಿಂದಾಗಿ ಅಲೆಯ ಹೊಡೆತಕ್ಕೂ ಅದು ಸುಲಭವಾಗಿ ಕಳಚುವುದಿಲ್ಲ. ಅದೇ ಕರಾವಳಿಯ ಇನ್ನೊಂದು ಪ್ರಭೇದ ಗ್ಯಾಲಿಯೇಟಸ್‌ನ ಮೊಟ್ಟೆಯ ತುದಿಯಿಂದ ಎರಡು ಮೀಟರಿನವರೆಗೂ ಉದ್ದದ ಬಳ್ಳಿಯಂಥ ಎಳೆಗಳು ಹೊರಟು ಕಡಲಕಳೆಗೆ ಸುತ್ತಿಕೊಳ್ಳುತ್ತವೆ. ತಾಯಿಯನ್ನು ನೋಡದೆ, ಮೊಟ್ಟೆಯನ್ನು ಮಾತ್ರ ನೋಡಿ ಈ ಎರಡನ್ನೂ ಬೇರ್ಪಡಿಸಬಹುದು.

ಈಗ ಹೆಸರಿನ ಕಥೆ. ಪ್ರಾಣಿಗಳ ಹೆಸರಿಡುವಿಕೆಗೆ ಲಿನೇಯಸ್‌ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ 1758ರ ಹತ್ತನೆಯ ಆವೃತ್ತಿಯೇ ಆರಂಭಬಿಂದು. ಶಾರ್ಕುಗಳ ವಿಷಯದಲ್ಲಿ ಆ ಆರಂಭ ಅಷ್ಟೇನೂ ಶುಭವಾಗಿರಲಿಲ್ಲ: ಲಿನೇಯಸ್ ಅವುಗಳನ್ನು ಮೀನುಗಳ ಜೊತೆಗಿಡದೆ, ‘ಈಜುವ ಉಭಯಚರಗಳು’ ಎಂಬ ವಿಭಾಗಕ್ಕೆ ಸೇರಿಸಿ, ಎಲ್ಲಕ್ಕೂ ಸ್ಕ್ವಾಲಸ್ ಎಂಬ ಒಂದೇ ಕುಲವನ್ನು ಕೊಟ್ಟ. ಆಗ ಯುರೋಪಿನ ವಿದ್ವಾಂಸರಿಗೆ ಬುಲ್‌ಹೆಡ್ ಶಾರ್ಕುಗಳ ಪರಿಚಯವೇ ಇರಲಿಲ್ಲ. ಅವು ಅಟ್ಲಾಂಟಿಕ್ ಸಾಗರದಲ್ಲಿಲ್ಲ. ಪೆಸಿಫಿಕ್‌ನಲ್ಲಿ ಮತ್ತು ಹಿಂದೂ ಮಹಾಸಾಗರದ ಕೆಲವು ಅಂಚುಗಳಲ್ಲಿ ಮಾತ್ರ ಇವೆ.

1788ರ ಜನವರಿಯಲ್ಲಿ ಗವರ್ನರ್ ಆರ್ಥರ್ ಫಿಲಿಪ್ ಇಂಗ್ಲೆಂಡಿನ ಕೈದಿಗಳನ್ನು ಹೊತ್ತ ಹಡಗುಗಳೊಂದಿಗೆ ಇಂದಿನ ಸಿಡ್ನಿಗೆ ಬಂದಿಳಿದ. ಆ ಬಂದರಿಗೆ ಪೋರ್ಟ್ ಜಾಕ್ಸನ್ ಎಂಬ ಹೆಸರನ್ನು 1770ರಲ್ಲೇ ಜೇಮ್ಸ್ ಕುಕ್, ಒಳಹೋಗದೆ ಹೊರಗಿನಿಂದ ಹಾದುಹೋಗುತ್ತ, ಕೊಟ್ಟಿದ್ದ. ಫಿಲಿಪ್‌ನ ಪ್ರಯಾಣದ ವೃತ್ತಾಂತ 1789ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೊಸ ನೆಲದ ಪ್ರಾಣಿಪಕ್ಷಿಗಳ ಚಿತ್ರಗಳ ನಡುವೆ ಅದರಲ್ಲಿ ಪೋರ್ಟ್ ಜಾಕ್ಸನ್ ಶಾರ್ಕಿನ ಚಿತ್ರವೂ ವರ್ಣನೆಯೂ ಇದ್ದವು. ಆದರೆ ಅದು ಇಂಗ್ಲಿಷಿನ ರೂಢಿಯ ಹೆಸರು, ವೈಜ್ಞಾನಿಕ ನಾಮವಲ್ಲ. ಜರ್ಮನಿಯ ಫ್ರೀಡ್ರಿಕ್ ಆಲ್ಬ್ರೆಕ್ಟ್ ಆಂಟನ್ ಮೈಯರ್ 1793ರಲ್ಲಿ ಆಸ್ಟ್ರೇಲಿಯ ಮತ್ತು ಆಫ್ರಿಕದ ಹೊಸ ಪ್ರಾಣಿಗಳ ಒಂದು ಸಂಕ್ಷಿಪ್ತ ಪಟ್ಟಿಯನ್ನು ಪ್ರಕಟಿಸುವಾಗ ಆ ವೃತ್ತಾಂತವನ್ನು ಆಧರಿಸಿ ಈ ಮೀನಿಗೆ ಲ್ಯಾಟಿನ್ನಿನಲ್ಲಿ ಬಂದರಿನದೇ ಹೆಸರನ್ನಿಟ್ಟ. ಮೀನು ಅವನ ಮೇಜಿನ ಮೇಲಿರಲಿಲ್ಲ, ಪುಸ್ತಕವಿತ್ತು. ಎಂಟು ವರ್ಷಗಳ ಮೇಲೆ, 1801ರಲ್ಲಿ, ಬ್ಲಾಖ್ ಮತ್ತು ಶ್ನೈಡರ್ ಹೆಸರಿನಲ್ಲಿ ಬಂದ ಮತ್ಸ್ಯಗ್ರಂಥ ಅದೇ ಪ್ರಾಣಿಯನ್ನು ಗವರ್ನರನ ನೆನಪಿನಲ್ಲಿ ಫಿಲಿಪ್ಪೈ ಎಂದು ಕರೆಯಿತು.

ಮೊದಲು ಪ್ರಕಟವಾದ ಹೆಸರೇ ನಿಲ್ಲಬೇಕೆಂಬುದು ಇಂದಿನ ನಿಯಮ. ಆ ಲೆಕ್ಕದಲ್ಲಿ 1793 ಗೆಲ್ಲುತ್ತದೆ, 1801 ಸೋಲುತ್ತದೆ, ವಾದಕ್ಕೆ ಎಡೆಯಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಬಹುಭಾಗ ನಡೆದದ್ದು ತಿರುಗುಮುರುಗು. ಮೈಯರನ ಪುಟ್ಟ ಪಟ್ಟಿ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ; ಬ್ಲಾಖ್-ಶ್ನೈಡರ್ ಗ್ರಂಥ ಎಲ್ಲ ಗ್ರಂಥಾಲಯಗಳಲ್ಲೂ ಇತ್ತು. ಹೀಗಾಗಿ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಫಿಲಿಪ್ಪೈ ಎಂದೇ ಬರೆದರು. ಕಾಲಾನುಕ್ರಮದ ನಿಯಮ ನಿಷ್ಠುರವಾದದ್ದು, ಕೆಲವೊಮ್ಮೆ ಅರಸಿಕವಾದದ್ದು ಎಂದು ಆಕ್ಷೇಪಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರ ಗುಣವೇ ಅದು. ಹೆಸರಿಟ್ಟವನ ಪ್ರತಿಷ್ಠೆ, ಪುಸ್ತಕದ ಗಾತ್ರ, ದೇಶದ ಬಲ ಯಾವುದನ್ನೂ ಅದು ಕೇಳುವುದಿಲ್ಲ. ತಾರೀಖನ್ನು ಮಾತ್ರ ಕೇಳುತ್ತದೆ. ಬ್ರಿಟನ್ನಿನಲ್ಲಿ 1842ರಲ್ಲಿ ಸ್ಟ್ರಿಕ್‌ಲೆಂಡ್ ಎಂಬಾತನ ಮುಂದಾಳತ್ವದಲ್ಲಿ ಇಂಥ ನಿಯಮಗಳ ಮೊದಲ ದೊಡ್ಡ ಕರಡು ತಯಾರಾಯಿತು. ಆ ಸಮಿತಿಯಲ್ಲಿ ಯುವಕ ಡಾರ್ವಿನ್ನನೂ ಇದ್ದ. ಇಂದು ಜಾರಿಯಲ್ಲಿರುವುದು ಅಂತಾರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ ನಾಲ್ಕನೆಯ ಆವೃತ್ತಿ, 2000ದಿಂದ.

ಸಂಹಿತೆಯ ಇನ್ನೊಂದು ಆಧಾರಸ್ತಂಭ ಟೈಪ್ ಮಾದರಿ. ಪ್ರತಿ ಪ್ರಭೇದದ ಹೆಸರೂ ಒಂದು ನಿರ್ದಿಷ್ಟ ದೇಹಕ್ಕೆ, ಯಾವುದೋ ಸಂಗ್ರಹಾಲಯದ ಜಾಡಿಯಲ್ಲಿರುವ ಒಂದು ಮೀನಿಗೆ, ಕಟ್ಟುಬಿದ್ದಿರುತ್ತದೆ. ಅದು ಸರ್ವೆಯವರು ನೆಟ್ಟ ಬಾಂದುಕಲ್ಲಿನಂತೆ: ಜಮೀನು ಯಾರ ಕೈಯಲ್ಲಿದ್ದರೂ, ಅದರಲ್ಲಿ ಏನು ಬೆಳೆದರೂ, ತಕರಾರು ಬಂದಾಗ ಎಲ್ಲರೂ ಹೋಗಿ ನೋಡುವುದು ಆ ಕಲ್ಲನ್ನೇ. ಆ ದೇಹ ಪ್ರಭೇದದ ಅತ್ಯುತ್ತಮ ನಿದರ್ಶನ ಆಗಿರಬೇಕೆಂದೇನೂ ಇಲ್ಲ. ಬಣ್ಣ ಮಾಸಿದ, ಬಾಲ ಮುರಿದ ಮರಿಯೂ ಆಗಬಹುದು. ಇನ್ನು ಪೋರ್ಟ್ ಜಾಕ್ಸನ್ ಶಾರ್ಕಿನಂತೆ ಹೆಸರು ಕೇವಲ ಒಂದು ಚಿತ್ರವನ್ನು ಆಧರಿಸಿದ್ದರೆ? ಆಗ ಸಂಹಿತೆಯ ಪ್ರಕಾರ ಟೈಪ್ ಆಗುವುದು ಚಿತ್ರವಲ್ಲ, ಚಿತ್ರಕಾರನ ಮುಂದಿದ್ದ ಆ ಮೀನು. ಮೀನು ಇಂದು ಇಲ್ಲದಿದ್ದರೂ ನಿಯಮ ಅದೇ.

ಪ್ರಭೇದದ ಹೆಸರಿನ ಜಗಳ ಇಷ್ಟಕ್ಕೆ ಮುಗಿಯಿತು. ಕುಲದ ಹೆಸರಿನದು ಇದಕ್ಕಿಂತ ಜಟಿಲ. 1816ರಲ್ಲಿ ಫ್ರಾನ್ಸಿನ ಬ್ಲಾಂವಿಲ್ ಪ್ರಾಣಿಲೋಕದ ಹೊಸ ವಿಂಗಡಣೆಯ ರೂಪುರೇಷೆಯೊಂದನ್ನು ಪ್ರಕಟಿಸುತ್ತ ಈ ಶಾರ್ಕಿಗೆ ಹೆಟೆರೊಡಾಂಟಸ್ ಎಂಬ ಹೆಸರು ಕೊಟ್ಟ. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಅವನಿಗಿಂತ ಬಹಳ ದೊಡ್ಡ ಹೆಸರಿನ ಕ್ಯುವಿಯೆ ತನ್ನ ‘ಪ್ರಾಣಿ ಸಾಮ್ರಾಜ್ಯ’ ಗ್ರಂಥದಲ್ಲಿ ಇದೇ ಗುಂಪಿಗೆ ಸೆಸ್ಟ್ರೇಸಿಯನ್ ಎಂಬ ಹೆಸರನ್ನು ಬಳಸಿದ. ಇಬ್ಬರೂ ಮಾಡಿದ ಕೆಲಸ ಒಂದೇ, ಕಂಡ ಲಕ್ಷಣಗಳೂ ಒಂದೇ. ಲೋಕ ಹಿಂಬಾಲಿಸಿದ್ದು ಕ್ಯುವಿಯೆಯನ್ನು. ಮುಂದಿನ ಸುಮಾರು ನೂರು ವರ್ಷ ಭೂವಿಜ್ಞಾನದ ಪುಸ್ತಕಗಳಲ್ಲೂ ಸಂಗ್ರಹಾಲಯದ ಪಟ್ಟಿಗಳಲ್ಲೂ ಈ ಮೀನುಗಳು ಸೆಸ್ಟ್ರೇಸಿಯನ್ ಆಗಿಯೇ ಉಳಿದವು.

ತೊಡಕು ಇಲ್ಲಿದೆ. ಆ ಹೆಸರು ಹೊಸದಾಗಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಯಾಕೋಬ್ ಥಿಯೊಡೋರ್ ಕ್ಲೈನ್ ಎಂಬ ಜರ್ಮನ್ ವಿದ್ವಾಂಸ ಅದನ್ನು ಸುತ್ತಿಗೆತಲೆ ಶಾರ್ಕುಗಳಿಗೆ ಬಳಸಿದ್ದ. ಕ್ಲೈನ್ ಲಿನೇಯಸ್‌ನ ಎರಡು ಪದಗಳ ಪದ್ಧತಿಯನ್ನು ಒಪ್ಪಿದವನಲ್ಲ. ಹಾಗಾಗಿ ಅವನ ಹೆಸರುಗಳಿಗೆ ಮಾನ್ಯತೆಯಿಲ್ಲ ಎಂದು ಕೆಲವರು, ಹಳೆಯದು ಹಳೆಯದೇ ಎಂದು ಇನ್ನು ಕೆಲವರು. ಪರಿಣಾಮವಾಗಿ ಒಬ್ಬ ಲೇಖಕನ ಸೆಸ್ಟ್ರೇಸಿಯನ್ ಬಂಡೆಯಡಿಯ ಮುಳ್ಳುಬೆನ್ನಿನ ಮೀನಾದರೆ ಇನ್ನೊಬ್ಬನ ಸೆಸ್ಟ್ರೇಸಿಯನ್ ತೆರೆದ ಕಡಲಿನ ಸುತ್ತಿಗೆತಲೆ. ಹಾರ್ವರ್ಡಿನ ಸ್ಯಾಮ್ಯುಯೆಲ್ ಗಾರ್ಮನ್ 1913ರ ತನ್ನ ಮಹಾಗ್ರಂಥದಲ್ಲಿ ಸುತ್ತಿಗೆತಲೆಗಳನ್ನೇ ಸೆಸ್ಟ್ರೇಸಿಯನ್ ಎಂದು ಕರೆದ. ಇದು ಸಾಲದೆಂಬಂತೆ 1831ರಲ್ಲಿ ಜಾನ್ ಎಡ್ವರ್ಡ್ ಗ್ರೇ ಒಂದೇ ಅಕ್ಷರ ಬೇರೆಯಾದ ಸೆಂಟ್ರೇಸಿಯನ್ ಎಂಬ ರೂಪವನ್ನೂ ಚಲಾವಣೆಗೆ ಬಿಟ್ಟಿದ್ದ. ಅಚ್ಚುಮನೆಯವರ ಪಾಡನ್ನು ಯೋಚಿಸಿದರೆ ಮರುಕ ಬರುತ್ತದೆ. ಕೊನೆಗೆ ಬ್ಲಾಂವಿಲ್‌ನ ಹೆಟೆರೊಡಾಂಟಸ್ ಗೆದ್ದಿತು. ಅವನ ವರ್ಗೀಕರಣ ಕ್ಯುವಿಯೆಯದಕ್ಕಿಂತ ಉತ್ತಮವಾಗಿತ್ತೆಂದು ಅದು ಗೆಲ್ಲಲಿಲ್ಲ. ಅದು ಕಾಲದಲ್ಲಿ ಮೊದಲಿನದಾಗಿತ್ತು, ಬೇರೆ ಯಾರ ಮೇಲೂ ಅಂಟಿಕೊಂಡಿರಲಿಲ್ಲ.

ಹಳೆಯ ಪುಸ್ತಕ ಓದುವ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನೂರು ವರ್ಷ ಹಳೆಯ ಲೇಖನದಲ್ಲಿ ಸೆಸ್ಟ್ರೇಸಿಯನ್ ಹಿಡಿದೆವು ಎಂದಿದ್ದರೆ, ಯಾವ ಮೀನು ಎಂಬುದನ್ನು ಹೆಸರಿನಿಂದ ಹೇಳಲಾಗದು. ಆ ಲೇಖಕ ಯಾರ ಪಕ್ಷದವನು ಎಂದು ಹುಡುಕಬೇಕು.

ಇಲ್ಲಿಂದ ನೆಂಟಸ್ತನದ ಪ್ರಶ್ನೆಗೆ ಬರುತ್ತೇನೆ. ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಮೇಲೆ ಬಹುಸಂಪುಟಗಳ ಕೃತಿಯೊಂದನ್ನು ಹೊರತಂದ. ಶಾರ್ಕುಗಳ ಅಸ್ಥಿಪಂಜರ ಮೃದ್ವಸ್ಥಿಯದು, ಬೇಗ ಕರಗಿಹೋಗುತ್ತದೆ. ಬಂಡೆಗಳಲ್ಲಿ ಉಳಿಯುವುದು ಹೆಚ್ಚಾಗಿ ಹಲ್ಲು, ಮುಳ್ಳುಗಳು ಮಾತ್ರ. ಯುರೋಪಿನ ಹಳೆಯ ಬಂಡೆಗಳಲ್ಲಿ ಚಪ್ಪಟೆಯಾದ, ಅರೆಯುವ ಹಲ್ಲುಗಳು ರಾಶಿರಾಶಿ ಸಿಗುತ್ತಿದ್ದವು. ಅಂಥ ಹಲ್ಲಿರುವ ಜೀವಂತ ಶಾರ್ಕು ಯಾವುದು ಎಂದು ನೋಡಿದರೆ ಕಂಡದ್ದು ಪೋರ್ಟ್ ಜಾಕ್ಸನ್ ಶಾರ್ಕ್. ಅಗಾಸಿ ಆಕ್ರೋಡಸ್, ಟೈಕೋಡಸ್ ಮೊದಲಾದ ಅಳಿದ ಕುಲಗಳನ್ನೆಲ್ಲ ಇದರ ಕುಟುಂಬಕ್ಕೆ ಸೇರಿಸಿದ. ಹೀಗೆ ಸಿಡ್ನಿಯ ಬಂದರಿನ ಒಂದು ಸಾಧಾರಣ ಮೀನು ಅತಿ ಪ್ರಾಚೀನ ವಂಶವೊಂದರ ಕೊನೆಯ ಕುಡಿಯೆಂಬ ಪಟ್ಟಕ್ಕೇರಿತು. ಭೂವಿಜ್ಞಾನದ ಜನಪ್ರಿಯ ಪುಸ್ತಕಗಳು ಈ ಮಾತನ್ನು ಮತ್ತೆ ಮತ್ತೆ ಅಚ್ಚುಹಾಕಿದವು.

ಅಗಾಸಿಯನ್ನು ದೂರುವುದು ಸುಲಭ; ಆದರೆ ಅವನ ಕೈಯಲ್ಲಿದ್ದ ಪುರಾವೆ ಹಲ್ಲು ಮಾತ್ರ. ಹಲ್ಲು ಹೇಳುವುದು ಪ್ರಾಣಿ ಏನು ತಿನ್ನುತ್ತಿತ್ತು ಎಂಬುದನ್ನು, ಅದರ ತಾಯಿತಂದೆ ಯಾರೆಂಬುದನ್ನಲ್ಲ. ಗಟ್ಟಿ ಚಿಪ್ಪು ಒಡೆದು ತಿನ್ನುವ ಬದುಕು ಬಂದಾಗಲೆಲ್ಲ ಬೇರೆಬೇರೆ ವಂಶಗಳಲ್ಲಿ ಚಪ್ಪಟೆ ಹಲ್ಲು ಹೊಸದಾಗಿ ಹುಟ್ಟಿದೆ. ಟೈಕೋಡಸ್‌ನ ಪ್ರಕರಣ ಇದಕ್ಕೆ ಬಹಳ ಒಳ್ಳೆಯ ಸಾಕ್ಷಿ. ಮೆಕ್ಸಿಕೋದ ವಯೆಸಿಯೊ ಎಂಬಲ್ಲಿ ಸುಣ್ಣಕಲ್ಲಿನ ಹಾಳೆಗಳ ನಡುವೆ ಅದರ ಪೂರ್ತಿ ದೇಹದ ಅಚ್ಚುಗಳು ಸಿಕ್ಕವು. ಅವುಗಳ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಬಂಡೆಯಡಿ ತೆವಳುವ ಮೀನಿನ ರೂಪವೇ ಅಲ್ಲಿರಲಿಲ್ಲ. ಗ್ರೇಟ್ ವೈಟ್ ಶಾರ್ಕಿನ ಗಣಕ್ಕೆ ಸೇರಿದ, ತೆರೆದ ನೀರಿನಲ್ಲಿ ವೇಗವಾಗಿ ಈಜುತ್ತಿದ್ದ ದೇಹವದು. ಸುಮಾರು 180 ವರ್ಷ ಹಲ್ಲನ್ನಷ್ಟೇ ನೋಡಿ ನಡೆದ ಊಹೆಗಳು ಒಂದು ಇಡೀ ದೇಹದ ಮುಂದೆ ಬಿದ್ದುಹೋದವು.

ಹಾಗಾದರೆ ಬೆನ್ನಿನ ಮುಳ್ಳು? ಹೈಬೋಡಾಂಟ್ ಎಂಬ ಅಳಿದ ಶಾರ್ಕುಗಳಿಗೂ ಎರಡು ಈಜುರೆಕ್ಕೆಗಳ ಮುಂದೆ ಮುಳ್ಳುಗಳಿದ್ದವು, ಗುದದ ಈಜುರೆಕ್ಕೆಯೂ ಇತ್ತು. ಹೊರನೋಟಕ್ಕೆ ಅವು ಬುಲ್‌ಹೆಡ್‌ಗಳ ಅಣ್ಣತಮ್ಮಂದಿರೇ. ಇಲ್ಲಿ ವರ್ಗೀಕರಣದ ತತ್ತ್ವವೊಂದನ್ನು ಬಿಡಿಸಿ ಹೇಳಬೇಕು. ಜರ್ಮನಿಯ ಕೀಟಶಾಸ್ತ್ರಜ್ಞ ವಿಲ್ಲಿ ಹೆನ್ನಿಗ್ 1950ರಲ್ಲಿ ಇದನ್ನು ಸ್ಪಷ್ಟವಾಗಿ ಮಂಡಿಸಿದ: ಎರಡು ಪ್ರಾಣಿಗಳಲ್ಲಿ ಒಂದೇ ಲಕ್ಷಣ ಇದೆ ಎಂದಮಾತ್ರಕ್ಕೆ ಅವು ಹತ್ತಿರದ ನೆಂಟರಾಗುವುದಿಲ್ಲ; ಆ ಲಕ್ಷಣ ಅವೆರಡರ ನೇರ ಪೂರ್ವಜನಲ್ಲಿ ಹೊಸದಾಗಿ ಹುಟ್ಟಿದ್ದಾಗಿರಬೇಕು. ಬಹಳ ಹಿಂದಿನ ಪೂರ್ವಜನಿಂದ ಎಲ್ಲರಿಗೂ ಬಂದು, ಕೆಲವರು ಕಳೆದುಕೊಂಡು, ಇಬ್ಬರು ಮಾತ್ರ ಉಳಿಸಿಕೊಂಡಿದ್ದರೆ, ಆ ಉಳಿಕೆ ಅವರಿಬ್ಬರ ನಡುವಿನ ಆಪ್ತತೆಗೆ ಸಾಕ್ಷಿಯಾಗದು. ಮುಳ್ಳು ಅಂಥ ಹಳೆಯ ಆಸ್ತಿ. ಶಾರ್ಕುಗಳ ಹಲವು ಪುರಾತನ ಕವಲುಗಳಲ್ಲಿ ಅದು ಇತ್ತು.

ಅಮೆರಿಕದ ಲಿಯೊನಾರ್ಡ್ ಕಾಂಪಾನ್ಯೊ 1973ರಲ್ಲಿ ಜೀವಂತ ಶಾರ್ಕುಗಳ ಸಂಬಂಧಗಳನ್ನು ಹೊಸದಾಗಿ ಜೋಡಿಸಿದಾಗ ತಲೆಬುರುಡೆ, ದವಡೆ, ಸ್ನಾಯುಗಳ ಲಕ್ಷಣಗಳನ್ನು ಒಟ್ಟಿಗೆ ತೂಗಿದರು. ಬುಲ್‌ಹೆಡ್‌ಗಳು ಗತಕಾಲದ ಒಂಟಿ ಅವಶೇಷ ಎಂಬ ಸ್ಥಾನದಿಂದ ಇಳಿದು, ತಿಮಿಂಗಿಲ ಶಾರ್ಕಿನ ಗಣ, ಗ್ರೇಟ್ ವೈಟ್‌ನ ಗಣ, ನಮ್ಮ ಬಂದರುಗಳಿಗೆ ದಿನವೂ ಬರುವ ಸಾಮಾನ್ಯ ಶಾರ್ಕುಗಳ ಗಣ, ಈ ಮೂರರ ಜೊತೆ ಒಂದೇ ಮಹಾಗುಂಪಿನೊಳಗೆ ಬಂದವು. ಅನಂತರದ ಡಿಎನ್‌ಎ ಅಧ್ಯಯನಗಳು ಈ ಮಹಾಗುಂಪನ್ನು ಎತ್ತಿಹಿಡಿದಿವೆ. ಅದರೊಳಗೆ ಬುಲ್‌ಹೆಡ್‌ಗಳ ಜಾಗ ಮಾತ್ರ ಪೂರ್ತಿ ಇತ್ಯರ್ಥವಾಗಿಲ್ಲ: ಉಳಿದ ಮೂರೂ ಗಣಗಳಿಂದ ಮೊದಲೇ ಕವಲೊಡೆದವೆಂದು ಕೆಲವು ಫಲಿತಾಂಶಗಳು, ತಿಮಿಂಗಿಲ ಶಾರ್ಕಿನ ಗಣಕ್ಕೆ ಹತ್ತಿರವೆಂದು ಇನ್ನು ಕೆಲವು.

ಈ ಗುಂಪು ಹಳೆಯದೇ ಅಲ್ಲ ಎಂದು ಯಾರೂ ತಿಳಿಯಬೇಡಿ. ಇದರ ಅತಿ ಹಳೆಯ ಪಳೆಯುಳಿಕೆಗಳು ಜುರಾಸಿಕ್ ಯುಗದ ಮೊದಲ ಭಾಗದವು, ಸುಮಾರು 18 ಕೋಟಿ ವರ್ಷ ಹಿಂದಿನವು. ಜರ್ಮನಿಯ ಬವೇರಿಯದ ಪ್ರಸಿದ್ಧ ಸುಣ್ಣಕಲ್ಲಿನಲ್ಲಿ ಪ್ಯಾರಾಸೆಸ್ಟ್ರೇಸಿಯನ್ ಎಂಬ ನೆಂಟನ ಇಡೀ ದೇಹಗಳು ಸಿಕ್ಕಿವೆ. ಅವು ಸುಮಾರು 15 ಕೋಟಿ ವರ್ಷದವು. ಬಿದ್ದುಹೋದ ಸೆಸ್ಟ್ರೇಸಿಯನ್ ಈ ಹೆಸರಿನ ಬಾಲದಲ್ಲಿ ಇನ್ನೂ ಬದುಕಿದೆ, ಗಮನಿಸಿ. ಇಂದು ಅಟ್ಲಾಂಟಿಕ್‌ನಲ್ಲಿ ಇಲ್ಲದ ಹೆಟೆರೊಡಾಂಟಸ್‌ನ ಹಲ್ಲುಗಳು ಐದು ಕೋಟಿ ವರ್ಷ ಹಿಂದಿನ ಯುರೋಪಿನ ಕಡಲತಳದ ಕೆಸರಿನಲ್ಲಿ ದೊರೆತಿವೆ. ಹಳೆಯದು ಎಂಬುದು ನಿಜ. ಬದಲಾಗದೆ ಉಳಿದದ್ದು, ಯಾರಿಗೂ ನೆಂಟನಲ್ಲದ್ದು ಎಂಬುದು ನಿಜವಲ್ಲ. ‘ಜೀವಂತ ಪಳೆಯುಳಿಕೆ’ ಎಂಬ ಮಾತನ್ನು ಈ ಮೀನಿನ ಮೇಲೆ ಹೊರಿಸುವುದನ್ನು ನಿಲ್ಲಿಸಿದರೆ ಒಳ್ಳೆಯದು.

ಪ್ರಭೇದಗಳು ಒಂದೊಂದಾಗಿ ಬೇರೆಯಾದ ಬಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಚೀನದಿಂದ ಜಾನ್ ರೀವ್ಸ್ ಮೂಲಕ ಬಂದ ಪಟ್ಟೆಪಟ್ಟೆಯ ಮೀನಿಗೆ ಗ್ರೇ 1831ರಲ್ಲಿ ಜೀಬ್ರಾ ಎಂದು ಹೆಸರಿಟ್ಟ. ಗ್ಯಾಲಪಗೋಸ್‌ನದಕ್ಕೆ 1840ರಲ್ಲಿ ಫ್ರೆಮಿನ್‌ವಿಲ್ ನಿಸರ್ಗಶಾಸ್ತ್ರಜ್ಞ ಕ್ವಾಯ್‌ನ ಹೆಸರನ್ನೂ, ಕ್ಯಾಲಿಫೋರ್ನಿಯದ್ದಕ್ಕೆ 1855ರಲ್ಲಿ ಗಿರಾರ್ಡ್ ಫ್ರಾನ್ಸಿಸೈ ಎಂಬುದನ್ನೂ, ಆಸ್ಟ್ರೇಲಿಯದ ಎತ್ತರದ ಹುಬ್ಬಿನದಕ್ಕೆ 1870ರಲ್ಲಿ ಗುಂಥರ್ ಗ್ಯಾಲಿಯೇಟಸ್ ಎಂಬುದನ್ನೂ ಕೊಟ್ಟರು. ಇವರೆಲ್ಲ ಕೂತು ಬರೆದದ್ದು ಲಂಡನ್, ಪ್ಯಾರಿಸ್, ಅಮೆರಿಕದ ಪೂರ್ವತೀರದಲ್ಲಿ. ಮೀನು ಹಡಗಿನಲ್ಲಿ ಹೋಗುತ್ತಿತ್ತು, ಹೆಸರು ಅಲ್ಲಿಂದ ಬರುತ್ತಿತ್ತು. ರಷ್ಯದ ನಿಕೊಲಾಯ್ ಮಿಕ್ಲುಖೊ-ಮಕ್ಲಾಯ್ ಸಿಡ್ನಿಯ ವಾಟ್ಸನ್ಸ್ ಬೇಯಲ್ಲಿ 1881ರಲ್ಲಿ ಕಡಲಜೀವಿ ಅಧ್ಯಯನ ಕೇಂದ್ರವೊಂದನ್ನು ಕಟ್ಟಿಸಿ, ವಿಲಿಯಂ ಮೆಕ್ಲೇ ಜೊತೆಗೂಡಿ 1884ರಲ್ಲಿ ಜಪಾನಿನ ಪ್ರಭೇದವನ್ನು ಸಿಡ್ನಿಯ ಪತ್ರಿಕೆಯಲ್ಲೇ ಹೆಸರಿಸಿದ್ದು ಆ ದೃಷ್ಟಿಯಿಂದ ಮಹತ್ವದ್ದು. ಪೋರ್ಟ್ ಜಾಕ್ಸನ್‌ನ ದಂಡೆಯಲ್ಲೇ ಈ ಗುಂಪಿನ ಅಧ್ಯಯನ ನಡೆಯುವ ಕಾಲ ಬಂದಿತ್ತು. ಮುಂದೆ 1949ರಲ್ಲಿ ಜೆ.ಎಲ್.ಬಿ. ಸ್ಮಿತ್ ಮೊಜಾಂಬಿಕ್‌ನ ಬಿಳಿಚುಕ್ಕೆಯ ರಮಲ್ಹೈರಾವನ್ನೂ, 1972ರಲ್ಲಿ ಟೇಲರ್ ಮತ್ತು ಕಾಸ್ತ್ರೊ-ಆಗಿರ್ರೆ ಮೆಕ್ಸಿಕೋದ ಪ್ರಭೇದವನ್ನೂ ಸೇರಿಸಿದರು.

ಈ ಮಧ್ಯೆ ಕುಲವನ್ನೇ ಒಡೆಯುವ ಯತ್ನಗಳೂ ನಡೆದವು. ಗಿಲ್ 1862ರಲ್ಲಿ ಕ್ಯಾಲಿಫೋರ್ನಿಯದ ಮೀನಿಗಾಗಿ ಒಂದು ಹೊಸ ಕುಲ ಮಾಡಿದ. ಸಿಡ್ನಿಯ ವಿಟ್ಲಿ 1931ರಲ್ಲಿ ಗ್ಯಾಲಿಯೇಟಸ್‌ಗೆಂದೇ ಇನ್ನೊಂದು ಮಾಡಿದರು. ಹತ್ತು ಪ್ರಭೇದಗಳ, ಇಷ್ಟು ಒಂದೇ ತೆರನಾದ ಗುಂಪಿಗೆ ಮೂರು ನಾಲ್ಕು ಕುಲಗಳು ಯಾತಕ್ಕೆ? ಇಂದು ಎಲ್ಲವೂ ಹೆಟೆರೊಡಾಂಟಸ್‌ನಲ್ಲಿ ಕರಗಿವೆ, ಅದು ಸರಿಯಾದ ತೀರ್ಮಾನ. ಆದರೆ ಈ ಮಾತು ಅಭಿಪ್ರಾಯ ಮಾತ್ರ ಎಂಬುದನ್ನು ನೆನಪಿಡಬೇಕು: ಎಷ್ಟು ವ್ಯತ್ಯಾಸಕ್ಕೆ ಒಂದು ಕುಲ ಎಂದು ಯಾವ ಸಂಹಿತೆಯೂ ಹೇಳುವುದಿಲ್ಲ.

ನಮ್ಮ ಕಡಲಿಗೂ ಈ ಕಥೆ ಬಂದು ತಾಗುತ್ತದೆ. ಅರಬ್ಬಿ ಸಮುದ್ರದ ಆಚೆ ದಡದ ಒಮಾನ್ ತೀರದಿಂದ ಸಿಕ್ಕ ಒಂದು ಸಣ್ಣ ಮೀನನ್ನು, ಸುಮಾರು ಎರಡಡಿಯದ್ದು, 2005ರಲ್ಲಿ ಬಾಲ್ಡ್ವಿನ್ ಎಂಬ ಸಂಶೋಧಕರು ಒಮಾನೆನ್ಸಿಸ್ ಎಂದು ಹೆಸರಿಸಿದರು. ಮೈಮೇಲೆ ಕುದುರೆಯ ಜೀನಿನಂತೆ ಅಗಲವಾದ ಕೆಲವೇ ಕಂದು ಪಟ್ಟಿಗಳು. ಆಫ್ರಿಕದ ಪೂರ್ವತೀರದಿಂದ ಅರೇಬಿಯದವರೆಗೆ ಹರಡಿರುವ ರಮಲ್ಹೈರಾಕ್ಕೆ ಬಿಳಿ ಚುಕ್ಕೆಗಳು. ಅದರ ಮರಿಗಳ ಮೈಮೇಲಾದರೋ ಚುಕ್ಕೆಯಿಲ್ಲ, ತೆಳುವಾದ ಬಾಗಿದ ಗೆರೆಗಳ ಸಾಲು. ಬೆಳೆದಂತೆ ವೇಷ ಬದಲಿಸುವ ಇಂಥ ಮೀನುಗಳಲ್ಲಿ ಮರಿಯನ್ನು ಒಂದು ಪ್ರಭೇದ, ತಾಯಿಯನ್ನು ಇನ್ನೊಂದು ಎನ್ನುವ ಅಪಾಯ ಸದಾ ಇರುತ್ತದೆ.

ಇದಕ್ಕೆ ತದ್ವಿರುದ್ಧವಾದ ಅಪಾಯ, ಎರಡನ್ನು ಒಂದೆನ್ನುವುದು. 2023ರ ಪ್ರಕರಣ ಅಂಥದ್ದು. ಆಸ್ಟ್ರೇಲಿಯದ ವಾಯವ್ಯ ತೀರದಲ್ಲಿ ಸಿಗುತ್ತಿದ್ದ ಪಟ್ಟೆ ಶಾರ್ಕನ್ನು ಎಲ್ಲರೂ ಗ್ರೇಯ ಜೀಬ್ರಾ ಎಂದೇ ನಂಬಿದ್ದರು. ಪಟ್ಟೆಗಳ ಹೋಲಿಕೆ ಅಷ್ಟು ನಿಕಟ. ‘ಇನ್ವೆಸ್ಟಿಗೇಟರ್’ ಎಂಬ ಸಂಶೋಧನಾ ನೌಕೆ 2022ರಲ್ಲಿ ಆ ಭಾಗದ ತಳದಿಂದ ಮಾದರಿ ತಂದಿತು. ವಿಲಿಯಂ ವೈಟ್ ಮತ್ತು ಸಂಗಡಿಗರು ಆರು ಮೀನುಗಳನ್ನೂ ಒಂದು ಮೊಟ್ಟೆಯ ಕವಚವನ್ನೂ ಮುಂದಿಟ್ಟುಕೊಂಡು ಪರೀಕ್ಷಿಸಿದಾಗ ಮೈಟೊಕಾಂಡ್ರಿಯದ ವಂಶವಾಹಿಯೊಂದು ಬೇರೆಯದೇ ಕಥೆ ಹೇಳಿತು. ಆಮೇಲೆ ಕಣ್ಣಿಟ್ಟು ನೋಡಿದರೆ ಮೂತಿಯ ಮೇಲಿನ ಗುರುತು ಬೇರೆ, ಮೊಟ್ಟೆಯ ಕವಚ ಬೇರೆ, ವಾಸದ ಆಳವೂ ಬೇರೆ: ಹೊಸದು 125ರಿಂದ 229 ಮೀಟರ್ ಆಳದ್ದು, ಜೀಬ್ರಾ ಸಾಮಾನ್ಯವಾಗಿ 143 ಮೀಟರಿನೊಳಗಿನದು. ಶಾರ್ಕುಗಳ ಚಿತ್ರಗಳಿಗೆ ಹೆಸರಾದ ವಿಜ್ಞಾನಿ ಲಿಂಡ್ಸೆ ಮಾರ್ಷಲ್ ಅವರ ಗೌರವಾರ್ಥ ಇದಕ್ಕೆ ಮಾರ್ಷಲೇ ಎಂದು ಹೆಸರಿಟ್ಟರು.

2023ರ ಈ ಲೇಖನದ ಕ್ರಮವನ್ನು ಮೈಯರನದರ ಪಕ್ಕದಲ್ಲಿಟ್ಟು ನೋಡಿ. 1793ರಲ್ಲಿ ಒಂದು ಚಿತ್ರ, ಕೆಲವು ಸಾಲು. 2023ರಲ್ಲಿ ಸಂಖ್ಯೆ ಹಾಕಿಟ್ಟ ದೇಹಗಳು, ಅಳತೆಗಳು, ವಂಶವಾಹಿಯ ಅನುಕ್ರಮ, ಮೊಟ್ಟೆಯ ಕವಚ. ಆದರೂ ಸಂಹಿತೆಯ ಮುಂದೆ ಎರಡೂ ಹೆಸರುಗಳಿಗೆ ಸಮಾನ ಮಾನ್ಯತೆ. ಪುರಾವೆಯ ಗುಣಮಟ್ಟ ಹೆಚ್ಚಿದಂತೆ ಗಟ್ಟಿಯಾಗುತ್ತ ಹೋಗುವುದು ಹೆಸರಿನ ಹಿಂದಿರುವ ಹೇಳಿಕೆ: ಇದು ಬೇರೆ ಪ್ರಭೇದ ಎಂಬ ಹೇಳಿಕೆ.

ಇದೆಲ್ಲ ಸಂಗ್ರಹಾಲಯದವರ ಚಿಂತೆ, ನಮಗೇನು ಎನ್ನುವವರಿಗೆ ನಮ್ಮದೇ ದೇಶದ ಕಾನೂನಿನ ಉದಾಹರಣೆ ಸಾಕು. 2001ರ ಜುಲೈಯಲ್ಲಿ ಕೇಂದ್ರ ಸರ್ಕಾರ ಶಾರ್ಕು, ತೊರಕೆಗಳ ಇಡೀ ವರ್ಗವನ್ನೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗೆ ಸೇರಿಸಿತು. ಮೀನುಗಾರರ ವಿರೋಧ ಎದ್ದಿತು; ಡಿಸೆಂಬರಿನಲ್ಲಿ ಅದನ್ನು ಹತ್ತು ಪ್ರಭೇದಗಳಿಗೆ ಇಳಿಸಲಾಯಿತು. ಆ ಪಟ್ಟಿಯಲ್ಲಿದ್ದ ಒಂದು ಹೆಸರು ರಿಂಕೊಬ್ಯಾಟಸ್ ಜಿಡ್ಡೆನ್ಸಿಸ್. ಮುಂದಿನ ಸಂಶೋಧನೆಗಳು ತೋರಿಸಿದ ಪ್ರಕಾರ ಅದು ಕೆಂಪು ಸಮುದ್ರ ಮತ್ತು ಆಫ್ರಿಕದ ಪೂರ್ವತೀರದ ಮೀನು. ಭಾರತದ ಬಂದರುಗಳಲ್ಲಿ ಇಳಿಯುತ್ತಿದ್ದವು ಅದೇ ಕುಲದ ಬೇರೆ ಪ್ರಭೇದಗಳು. ಕಾನೂನು ಕಾಪಾಡಿದ ಹೆಸರೊಂದು, ಬಲೆಗೆ ಬಿದ್ದ ಮೀನು ಇನ್ನೊಂದು. ಅದೇ ಪಟ್ಟಿಯ ಗರಗಸ ಮೀನು ಪ್ರಿಸ್ಟಿಸ್ ಮೈಕ್ರೊಡಾನ್‌ನ ಹೆಸರು ಆಮೇಲೆ ಇನ್ನೊಂದು ಹಳೆಯ ಹೆಸರಿನಲ್ಲಿ ಲೀನವಾಯಿತು. ಮೊದಲನೆಯದು ಗುರುತಿಸುವಿಕೆಯ ತಪ್ಪು, ಎರಡನೆಯದು ನಾಮಕರಣದ ಬದಲಾವಣೆ. ಅಧಿಕಾರಿಗೆ ಈ ಎರಡರ ಭೇದ ತಿಳಿಯದಿದ್ದರೆ ಒಂದು ಪ್ರಾಣಿ ರಕ್ಷಣೆಯಿಲ್ಲದೆ ಹೋಗುತ್ತದೆ, ಇಲ್ಲವೇ ಒಬ್ಬ ಮೀನುಗಾರ ಮಾಡದ ಅಪರಾಧಕ್ಕೆ ಉತ್ತರ ಹೇಳಬೇಕಾಗುತ್ತದೆ.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ, ಕರಾವಳಿಯ ಇತರ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ಒಂದು ಬೇಡಿಕೆಯನ್ನಿಟ್ಟು ಮುಗಿಸುತ್ತೇನೆ. ಬುಲ್‌ಹೆಡ್‌ಗಳು ನಮ್ಮ ದಕ್ಕೆಗಳಲ್ಲಿ ದಿನವೂ ಸಿಗುವ ಮೀನುಗಳಲ್ಲ. ಆದರೆ ಟ್ರಾಲರುಗಳು ದೂರಕ್ಕೂ ಆಳಕ್ಕೂ ಹೋಗುತ್ತಿವೆ, ಮಾರಾಟಕ್ಕೆ ಬಾರದ ಕಸ ಮೀನಿನ ರಾಶಿಯಲ್ಲಿ ಏನೆಲ್ಲ ಇಳಿಯುತ್ತಿದೆಯೋ ಅದು ಮಧ್ಯಾಹ್ನದೊಳಗೆ ಗೊಬ್ಬರದ ಕಾರ್ಖಾನೆ ಸೇರುತ್ತದೆ. ಅಲ್ಲಿ ಗುರುತು ಸಿಗದ ಶಾರ್ಕೊಂದು ಕಂಡರೆ ಕೂಡಲೇ ಅದಕ್ಕೊಂದು ಹೆಸರು ಹಚ್ಚಲು ಆತುರಪಡಬೇಡಿ. ಮೊದಲು ಚಿತ್ರ ತೆಗೆಯಿರಿ, ಮೂತಿಯದೂ ಬೆನ್ನಿನದೂ ಬೇರೆಬೇರೆಯಾಗಿ. ಮಾಂಸದ ಒಂದು ಚೂರನ್ನು ಆಲ್ಕೋಹಾಲಿನಲ್ಲಿಡಿ; ಮೊಟ್ಟೆಯ ಕವಚ ಸಿಕ್ಕರೆ ಎಸೆಯಬೇಡಿ. ಯಾವ ದೋಣಿ, ಯಾವ ಬಲೆ, ಎಷ್ಟು ಮಾರು ಆಳ, ಯಾವ ದಿನ ಎಂಬುದನ್ನು ದೋಣಿ ನಡೆಸುವ ತಂಡೇಲರನ್ನೇ ಕೇಳಿ, ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಮಾದರಿಯ ಜೊತೆಗೇ ಕಟ್ಟಿ, ಕಾಲೇಜಿನ ಸಂಗ್ರಹಕ್ಕೆ ಸಂಖ್ಯೆ ಹಾಕಿ ಒಪ್ಪಿಸಿ.